ವಿನಾಕಾರಣ ಕೂರಬಾರದು

4 ನವೆಂಬರ್ 2014, ಮಂಗಳವಾರ

ಈ ಡೈರಿ ಮಸಾಲೆ ಕಂಪನಿಯವರು ಜನವರಿಯಲ್ಲಿ ಕೊಟ್ಟದ್ದು. ಪ್ರತಿವರ್ಷ ಕೊಡುತ್ತಾರೆ, ಪ್ರತಿವರ್ಷ ನಾನು ಹಾಳೆ ಹರಿದು ಅಡುಗೆಮನೆಗೆ ಚೀಟಿ ಬರೆಯುತ್ತೇನೆ. ಈ ಸಲ ಅದಕ್ಕೆ ನಿಜವಾಗಿ ಡೈರಿಯಾಗುವ ಯೋಗ ಬಂದಿದೆ. ದೀಪಾವಳಿಗೆ ಮೊದಲು ನನ್ನ ಎದೆಯೊಳಗೆ ಎರಡು ಸ್ಟೆಂಟ್ ಇಟ್ಟರು. ವರ್ಷ ಮುಗಿಯುವವರೆಗೆ ಗಲ್ಲಾದಲ್ಲಿ ಕೂರಬಾರದು, ದಿನಾ ನಡೆಯಬೇಕು, ಸಿಟ್ಟು ಮಾಡಬಾರದು ಅಂತ ಡಾಕ್ಟರರ ಅಪ್ಪಣೆ. ಮೊದಲಿನ ಎರಡನ್ನು ಪಾಲಿಸಬಹುದು.

ಹಾಗಾಗಿ ಡೊಂಬಿವಲಿ ಈಸ್ಟಿನ ನಮ್ಮ ಹೋಟೆಲು ಶ್ರೀ ಅನಂತ ವಿಲಾಸದ ಗಲ್ಲಾದಲ್ಲಿ ಈಗ ಕೂರುವುದು ನನ್ನ ಮಗಳು ಅಪರ್ಣಾ. ಕೂರುವುದು ಅಂತ ಬರೆದದ್ದು ತಪ್ಪು. ಅವಳು ಫೋನ್ ಹಿಡಿದು ಗೋಡೆಯ ಫೋಟೋ ತೆಗೆಯುತ್ತ ತಿರುಗುತ್ತಾಳೆ ಅಂತ ಸಪ್ಲಾಯರ್ ಗುರುವಪ್ಪ ವರದಿ ಕೊಟ್ಟಿದ್ದಾನೆ. ಅವನು ಇಪ್ಪತ್ತು ವರ್ಷದಿಂದ ನಮ್ಮಲ್ಲಿ ಇದ್ದಾನೆ, ಸುಳ್ಳು ಹೇಳುವವನಲ್ಲ.

ಫೋಟೋದ ಗುಟ್ಟು ನಿನ್ನೆ ಊಟಕ್ಕೆ ಕೂತಾಗ ಹೊರಬಂತು. "ಪಪ್ಪಾ, ನ್ಯೂ ಇಯರ್‌ನಿಂದ ನಮ್ದು ಕೆಫೆ ಮಾಡುವಾ. ಫುಲ್ ಪ್ಲ್ಯಾನ್ ರೆಡಿ ಉಂಟು" ಅಂದಳು. ನನ್ನ ಅಪ್ಪ ಶುರುಮಾಡಿದ ಹೋಟೆಲು. ನಾನು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಆಗುವುದಿಲ್ಲ ಅಂದೆ. ಅವಳು ಅಳಲಿಲ್ಲ, ಜಗಳ ಮಾಡಲಿಲ್ಲ. ಅದೇ ಅವಳ ಕೆಟ್ಟ ಗುಣ. "ಠೀಕ್ ಹೈ. ಥಾಣೆಯಲ್ಲಿ ದಸ್ ಕೆಫೆ ನೋಡಿ ಬನ್ನಿ. ಆಮೇಲೂ ನೋ ಅಂದ್ರೆ ನೋ. ಪ್ರಾಮಿಸ್."

ಒಪ್ಪಿದೆ. ಹೇಗೂ ನಡೆಯಬೇಕು, ಅಲ್ಲಿ ಹೋಗಿ ನಡೆದರಾಯಿತು. ಮತ್ತೆ ಹೆದರಿಕೆಯೂ ಇಲ್ಲ. ಹೋಟೆಲಿನ ಜಾಗ ಇರುವುದು ನನ್ನ ಹೆಂಡತಿ ಮುಕ್ತಾಳ ಹೆಸರಿನಲ್ಲಿ, ಯಾವ ಕಾಲದಲ್ಲೋ ಅಕೌಂಟೆಂಟ್ ಹೇಳಿದ ಅಂತ ಮಾಡಿದ್ದು. ಕೆಫೆ ಆಗಬೇಕಾದರೆ ಅಪರ್ಣಾಳ ಕಾಗದಕ್ಕೆ ಮುಕ್ತಾಳ ಸೈನ್ ಬೇಕು. ಮುಕ್ತಾ ಮದುವೆಯಾದ ಮೂವತ್ತೊಂದು ವರ್ಷದಿಂದ ನಾನು ಬೆರಳಿಟ್ಟಲ್ಲಿ ಸೈನ್ ಮಾಡಿದವಳು, ಬೆರಳಿಡದಲ್ಲಿ ಮಾಡಿದವಳಲ್ಲ.

ಒಬ್ಬನೇ ಹೋಗಬಾರದಂತೆ. ಅವಳನ್ನೇ ಕರೆದುಕೊಂಡು ಹೋಗಬೇಕು. ಇದೊಂದು ರಗಳೆ.

7 ನವೆಂಬರ್, ಶುಕ್ರವಾರ

ಒಂದನೇ ಕೆಫೆ. ಹೆಸರು 'ದಿ ಥರ್ಡ್ ಸ್ಟೂಲ್'. ಮೊದಲನೇ, ಎರಡನೇ ಸ್ಟೂಲು ಎಲ್ಲಿ ಅಂತ ಕೇಳಿದರೆ ಅಲ್ಲಿದ್ದ ಹುಡುಗಿ ನಕ್ಕಳು.

ಮಧ್ಯಾಹ್ನದ ಸ್ಲೋ ಲೋಕಲ್ ರೈಲು ಹಿಡಿದೆವು. ಮುಕ್ತಾ ಯಾವಾಗಿನ ಹಾಗೆ ಲೇಡೀಸ್ ಡಬ್ಬಿಯಲ್ಲಿ, ನಾನು ಜನರಲ್‌ನಲ್ಲಿ. ಥಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬರನ್ನೊಬ್ಬರು ಹುಡುಕಿದೆವು. ಅಲ್ಲಿಂದ ರಿಕ್ಷಾ, ಘೋಡ್‌ಬಂದರ್ ರೋಡಿನ ಆಚೆ ಟವರುಗಳ ಏರಿಯಾಕ್ಕೆ. ಕಟ್ಟಡಗಳಿಗೆಲ್ಲ ಅರಮನೆಯ ಹಾಗೆ ದಪ್ಪ ದಪ್ಪ ಕಂಬ. ಕಂಬದ ಬುಡದಲ್ಲಿ ನಾಯಿ ಹಿಡಿದುಕೊಂಡ ಜನ. ನಾಯಿಗೂ ಸ್ವೆಟರ್, ನವೆಂಬರ್ ತಿಂಗಳ ಮಧ್ಯಾಹ್ನ ಬೆವರುತ್ತಿರುವಾಗ.

ಕೂತು ಹತ್ತು ನಿಮಿಷವಾದರೂ ನೀರಿಲ್ಲ. ಅಪ್ಪ ನನಗೆ ಕಲಿಸಿದ ಮೊದಲ ಪಾಠ, ಗಿರಾಕಿಯ ಬೆನ್ನು ಕುರ್ಚಿಗೆ ತಾಗುವ ಮೊದಲು ನೀರಿನ ಲೋಟ ಮೇಜಿಗೆ ತಾಗಬೇಕು. ಅವನು ಏನೂ ತೆಗೆದುಕೊಳ್ಳದೆ ಎದ್ದುಹೋದರೂ ಸರಿ, ನೀರು ಕುಡಿದು ಹೋಗಬೇಕು. ನಾನು ನೀರು ಕೇಳಿದೆ. "ಸ್ಟಿಲ್ ಆರ್ ಸ್ಪಾರ್ಕ್ಲಿಂಗ್, ಸರ್?" ನಾನು "ಬಿಸ್ಲೇರಿ ಬೇಡ, ಸಾದಾ" ಅಂದೆ. ಸಾದಾ ಅಂದರೆ ಅವಳು ಒಳಗೆ ಹೋಗಿ ಯಾರನ್ನೋ ಕೇಳಿಕೊಂಡು ಬರಬೇಕಾಯಿತು.

ಕಾಫಿಯ ಮೇಲೆ ನೊರೆಯಲ್ಲಿ ಎಲೆಯ ಚಿತ್ರ. ಮುಕ್ತಾ ಕುಡಿಯಲಿಲ್ಲ. ತಣ್ಣಗಾಗುತ್ತದೆ ಕುಡಿ ಅಂದೆ. "ಸ್ವಲ್ಪ ನೋಡ್ತೇನೆ ಮಾರಾಯ್ರೆ, ಕುಡಿದ್ರೆ ಹೋಗ್ತದಲ್ಲ" ಅಂದಳು. ಹೀಗೆ ಎಲೆ ನೋಡಿಕೊಂಡು ಕೂರುವ ಗಿರಾಕಿ ನಾಲ್ಕು ಜನ ಬಂದರೆ ನನ್ನ ಹೋಟೆಲು ನಾಲ್ಕು ದಿನದಲ್ಲಿ ಮುಚ್ಚುತ್ತದೆ.

ಹತ್ತರಲ್ಲಿ ಎರಡು ಅಂಕ. ಅದೂ ಆ ಹುಡುಗಿ ನಕ್ಕದ್ದಕ್ಕೆ.

11 ನವೆಂಬರ್, ಮಂಗಳವಾರ

ಎರಡನೇದು 'ಗ್ರ್ಯಾಂಡ್‌ಮಾಸ್ ಗ್ಯಾರೇಜ್'. ಕೂರಲು ಹಳೇ ಕಾರಿನ ಸೀಟು, ಮಾಡಿನಿಂದ ಸೈಕಲ್ ನೇತುಹಾಕಿದ್ದಾರೆ. ಯಾರ ಅಜ್ಜಿಗೆ ಗ್ಯಾರೇಜ್ ಇತ್ತು? ನನ್ನ ಅಜ್ಜಿಗೆ ಒಂದು ಹಟ್ಟಿ ಇತ್ತು. 'ಅಜ್ಜಿಯ ಹಟ್ಟಿ' ಅಂತ ನಾಳೆ ಯಾರಾದರೂ ಇಲ್ಲಿ ಶುರುಮಾಡಿದರೂ ಆಶ್ಚರ್ಯವಿಲ್ಲ, ಸೆಗಣಿ ವಾಸನೆಗೆ ಬೇರೆ ಬಿಲ್ಲು.

ಪಕ್ಕದಲ್ಲಿ ಒಬ್ಬ ಗಡ್ಡದವನು ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೇ ಕಪ್ಪಿನ ಮುಂದೆ ಕೂತಿದ್ದ. ನಾವು ಬರುವಾಗಲೂ ಇದ್ದ, ಹೋಗುವಾಗಲೂ ಇದ್ದ. ಕಪ್ಪು ಖಾಲಿ. ನನ್ನ ಕೈ ಕಡಿಯುತ್ತಿತ್ತು. ನಮ್ಮಲ್ಲಾದರೆ ಕೊನೆಯ ಗುಟುಕಿಗೆ ಬಿಲ್ಲು ಬರುತ್ತದೆ, ಬಿಲ್ಲಿನ ಹಿಂದೆ ಒದ್ದೆ ಬಟ್ಟೆ ಬರುತ್ತದೆ, ಮೂರನೇದು ಗುರುವಪ್ಪನೇ ಬಂದು ಮೇಜಿನ ಪಕ್ಕ ನಿಂತು ಕೆಮ್ಮುತ್ತಾನೆ. ಬಾಗಿಲ ಎದುರಿನ ಗೋಡೆಗೆ ಬೋರ್ಡೂ ಇದೆ, 'ವಿನಾಕಾರಣ ಬಸೂ ನಯೇ'. ವಿನಾಕಾರಣ ಕೂರಬಾರದು. ಅಪ್ಪ ಬರೆಸಿದ ಬೋರ್ಡು.

ಮುಕ್ತಾ ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಕೇಳಿದಳು, "ನಮ್ಮ ಹೋಟೆಲಿಗೆ ಕಿಟಕಿ ಉಂಟಾ?"

ನನಗೆ ನಗು ಬಂತು. ಮಾಲಕನ ಹೆಂಡತಿ ಕೇಳುವ ಪ್ರಶ್ನೆಯಾ ಇದು? ಎರಡು ಕಿಟಕಿ ಉಂಟು ಅಂದೆ, ರಸ್ತೆ ಕಡೆಗೆ. "ಹೌದಾ? ದೀಪಾವಳಿ ಪೂಜೆಗೆ ಬರುವಾಗ ಶಟರ್ ಎಳೆದಿರ್ತದಲ್ಲ" ಅಂದಳು. ಅದು ಸರಿ. ಪೂಜೆಯ ದಿನ ಹಿಂದಿನ ಬಾಗಿಲಿಂದ ಬಂದು, ಮೇಜಿನ ಮೇಲೆ ಕುರ್ಚಿ ಮಗುಚಿ ಹಾಕಿದ ಹಾಲ್‌ನಲ್ಲಿ ಆರತಿ ಮಾಡಿ ಹೋಗುವ ಪದ್ಧತಿ. ಮನೆಯವರು ಹಾಲ್‌ನಲ್ಲಿ ಕೂರುವ ಕ್ರಮ ನಮ್ಮಲ್ಲಿಲ್ಲ. ಹಾಲ್ ಗಿರಾಕಿಯದ್ದು. ನಾನೇ ಆದರೂ ಅಡುಗೆಮನೆಯಲ್ಲಿ ನಿಂತು ತಿನ್ನುತ್ತೇನೆ. ಇನ್ನೊಬ್ಬರ ಹೋಟೆಲಿನಲ್ಲಂತೂ ತಿನ್ನುವ ಪ್ರಶ್ನೆಯೇ ಇಲ್ಲ, ನಮ್ಮದರಲ್ಲಿ ಏನೋ ಕೊರತೆ ಅಂತ ಊರೆಲ್ಲ ಮಾತಾಡುತ್ತದೆ. ಮನೆಗೆ ಬೇಕಾದ್ದು ದಿನಾ ಹತ್ತು ಗಂಟೆಗೆ ಪಾರ್ಸೆಲ್ ಹೋಗುತ್ತದೆ. ಮುಕ್ತಾಳಿಗೆ ರಾಣಿಯ ಹಾಗೆ ಕೂತಲ್ಲಿಗೆ. ನನಗೆ ಈಗ ಬೆಳಗ್ಗೆ ಡಾಕ್ಟರರ ಗಂಜಿ, ಅದನ್ನು ಮುಟ್ಟುವ ಹಾಗಿಲ್ಲ.

ಅಂಕ ಎರಡೂವರೆ. ಫ್ಯಾನು ಚೆನ್ನಾಗಿತ್ತು.

14 ನವೆಂಬರ್, ಶುಕ್ರವಾರ

ಇವತ್ತು ಕೆಫೆ ಅಲ್ಲ, ನೋಡಲು ಹೊರಟ ಕೆಫೆಯ ಪಕ್ಕದ ಅಂಗಡಿ. ಮುಕ್ತಾ ನಿಂತುಬಿಟ್ಟಳು, ಒಳಗೆ ಹೋಗಬೇಕಾಯಿತು. ಹಳೇ ಸಾಮಾನು ಮಾರುವ ಅಂಗಡಿ. ನಮ್ಮ ಗುಜರಿಯ ಭಂಗಾರ್‌ವಾಲಾ ಮಾರುವುದನ್ನೇ ಇಲ್ಲಿ ಹಳದಿ ಲೈಟಿನ ಕೆಳಗೆ ಇಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ.

ಒಳಗೆ ನೋಡುತ್ತೇನೆ, ಅಮೃತಶಿಲೆಯ ದುಂಡು ಮೇಜು. ಕಪ್ಪು ಮರದ ಬಾಗಿದ ಕುರ್ಚಿ. ಸಕ್ಕರೆ ಹಾಕಿಡುವ ಗಾಜಿನ ಬರಣಿ. ಅಪ್ಪ ತೀರಿಕೊಂಡ ಮರುವರ್ಷ ನಾನು ಹೋಟೆಲಿಗೆ ಸನ್‌ಮೈಕಾ ಮೇಜು ಹಾಕಿಸಿ, ಇದೇ ಸಾಮಾನನ್ನು ಕೈಗಾಡಿಗೆ ಹೇರಿ ಕಳಿಸಿದ್ದೆ. ನಮ್ಮದೇ ಮೇಜಲ್ಲದಿರಬಹುದು. ಆದರೆ ಅಂಚು ಒಡೆದದ್ದು ಅದೇ ಜಾಗದಲ್ಲಿ.

ಗೋಡೆಗೆ ಚೌಕಟ್ಟು ಹಾಕಿದ ಬೋರ್ಡು: 'ವಿನಾಕಾರಣ ಬಸೂ ನಯೇ'. ಜನ ಇದನ್ನು ಕೊಂಡು ಡ್ರಾಯಿಂಗ್ ರೂಮಿನಲ್ಲಿ ಸೋಫಾದ ಮೇಲೆ ಹಾಕುತ್ತಾರಂತೆ. ಬಂದ ನೆಂಟರನ್ನು ಓಡಿಸಲಿಕ್ಕಾ ಅಂತ ನಾನು ಕೇಳಿದೆ. ಅಂಗಡಿಯವಳು "ಇಟ್ಸ್ ಕ್ವಿರ್ಕಿ, ಅಂಕಲ್" ಅಂದಳು.

ಮುಕ್ತಾ ಆ ಕಪ್ಪು ಕುರ್ಚಿಯಲ್ಲಿ ಕೂತು ನೋಡಿದಳು. "ಇದು ಹೋಟೆಲಿನಲ್ಲಿತ್ತಾ? ಕೂರಲಿಕ್ಕೆ ಇಷ್ಟು ಒಳ್ಳೇದುಂಟಾ?" ನನಗೇನು ಗೊತ್ತು? ನಾನು ಕೂತಿದ್ದರಲ್ಲವಾ.

21 ನವೆಂಬರ್, ಶುಕ್ರವಾರ

ಮಧ್ಯದಲ್ಲಿ ಮೂರನೇದು ಮುಗಿಯಿತು, ಬರೆಯುವಂಥದ್ದೇನೂ ಇಲ್ಲ. ಜಾಡಿಯಲ್ಲಿ ಚಹಾ, ಹಲಗೆಯ ಮೇಲೆ ಬ್ರೆಡ್. ಇವರಿಗೆ ಪ್ಲೇಟು ಸಿಗುವುದಿಲ್ಲವೇನೋ. ಅಂಕ ಎರಡು.

ಇವತ್ತಿನ ನಾಲ್ಕನೇದು ಮಾತ್ರ ಬರೆಯಲೇಬೇಕು. 'ಹಾಫ್ ಪಾಸ್ಟ್ ಬೀನ್'. ಮೆನುವಿನಲ್ಲಿ ದೋಸೆ ಇತ್ತು. ನನ್ನ ಹೊಟ್ಟೆಯೊಳಗೆ ನಗು. 'ಆರ್ಟಿಸನಲ್ ದೋಸಾ ಶಾರ್ಡ್ಸ್ ವಿತ್ ಕೊಕೊನಟ್ ಡಿಪ್.' ತರಿಸಿದೆ, ಮಾನ ತೆಗೆಯಲಿಕ್ಕೆ. ದೋಸೆಯನ್ನು ಒಣಗುವಷ್ಟು ಕಾಯಿಸಿ, ಮುರಿದು, ಲೋಟದಲ್ಲಿ ನಿಲ್ಲಿಸಿದ್ದರು. ಹಿಟ್ಟಿಗೆ ಹುಳಿ ಬಂದಿಲ್ಲ. ಮೆಂತ್ಯ ಇಲ್ಲ. ಕಾವಲಿಗೆ ಈರುಳ್ಳಿ ಉಜ್ಜಿಲ್ಲ. ನಮ್ಮ ಅಡುಗೆಯ ಶಂಭು ಇದನ್ನು ನೋಡಿದರೆ ಕೈಯಲ್ಲಿದ್ದ ಸಟ್ಟುಗ ಕೆಳಗಿಟ್ಟು ಊರಿಗೆ ಹೋಗುತ್ತಾನೆ.

ಮುಕ್ತಾ ಒಂದು ತುಂಡು ಕಚ್ಚಿದಳು. ಕಚ್ಚಿ ನಿಲ್ಲಿಸಿದಳು. ಮತ್ತೊಮ್ಮೆ ಕಚ್ಚಿದಳು.

"ಹೋಟೆಲಿನ ದೋಸೆ ಹೀಗೆ ಶಬ್ದ ಮಾಡ್ತದಾ?"

ಕೆಟ್ಟ ದೋಸೆ ಮಾಡುತ್ತದೆ ಅಂದೆ. ಒಳ್ಳೆಯದೂ ಮಾಡುತ್ತದೆ, ಆದರೆ ಶಬ್ದದ ಒಳಗೆ ಮೆತ್ತಗೆ ಇರುತ್ತದೆ, ಅದು ಬೇರೆ ಅಂತ ಅರ್ಧ ಗಂಟೆ ವಿವರಿಸಿದೆ. ಕಲ್ಯಾಣದಿಂದ ಜನ ನಮ್ಮ ಮಸಾಲೆ ದೋಸೆಗೆ ರೈಲು ಹತ್ತಿ ಬರುತ್ತಾರೆ, ಇವಳಿಗೆ ದೋಸೆಗೂ ಹಪ್ಪಳಕ್ಕೂ ವ್ಯತ್ಯಾಸ ಗೊತ್ತಿಲ್ಲ. ಅವಳು ಲೋಟದಲ್ಲಿದ್ದ ತುಂಡುಗಳನ್ನೆಲ್ಲ ಒಂದೊಂದಾಗಿ ಮುಗಿಸಿದಳು.

ಅಂಕ ಸೊನ್ನೆ. ಮುಕ್ತಾ ಆರು ಕೊಡಿ ಅಂದಳು. ನಾನು ಬರೆದುಕೊಂಡಿಲ್ಲ.

2 ಡಿಸೆಂಬರ್, ಮಂಗಳವಾರ

ಆರು ಮುಗಿಯಿತು. ಮುಕ್ತಾ ಈಗ ಮೆನು ನನ್ನ ಕೈಗೆ ಕೊಡುವುದಿಲ್ಲ. ಚಷ್ಮಾ ಹಾಕಿಕೊಂಡು ಓದಿ, "ಇವ್ರಿಗೆ ಶುಗರ್ ಮತ್ ಡಾಲೋ" ಅಂತ ಹುಡುಗರಿಗೆ ಹೇಳಿ, ತನಗೊಂದು ನನಗೊಂದು ತರಿಸುತ್ತಾಳೆ. ಏನು ತರಿಸುತ್ತಾಳೆ ಅಂತ ನಾನು ಕೇಳುವುದೂ ಇಲ್ಲ, ಹಾಲು ಹಾಕದ ಏನೋ ಒಂದು ಕರೀ ದ್ರವ, ಅಷ್ಟೇನೂ ಕೆಟ್ಟದ್ದಲ್ಲ.

ಇವತ್ತು ಅವಳು ಜನರಲ್ ಡಬ್ಬಿಗೇ ಬಂದಳು. ಜಾಗ ಇತ್ತು. ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿದಾಗ ಒತ್ತಿಕೊಂಡು ಕೂತೆವು. ಕಳವಾ ಖಾಡಿಯ ಹಿನ್ನೀರಿನ ಸೇತುವೆ ಬರುವಾಗ ಅವಳು ಪಕ್ಷಿ ತೋರಿಸಿದಳು. ನಾನು ಈ ಲೈನಿನಲ್ಲಿ ನಲವತ್ತು ವರ್ಷ ಓಡಾಡಿದ್ದೇನೆ, ಪಕ್ಷಿ ಇದೆ ಅಂತ ಗೊತ್ತಿರಲಿಲ್ಲ. ಅಥವಾ ಹೊಸತಾಗಿ ಬಂದಿರಬಹುದು.

ಕೆಫೆಯ ಹೆಸರು ನೆನಪಿಲ್ಲ. ಅಂಕ ನಾಲ್ಕು. ಎರಡು ಗಂಟೆ ಕೂತೆವು, ಯಾರೂ ಬಂದು ಕೆಮ್ಮಲಿಲ್ಲ. ಎರಡು ಗಂಟೆ ಏನು ಮಾತಾಡಿದೆವೋ ಗೊತ್ತಿಲ್ಲ, ಅವಳ ಅಕ್ಕ ಉಮಾವತಿಯ ಗಂಡನ ಜಿಪುಣತನ, ನಮ್ಮ ಮದುವೆಯಲ್ಲಿ ಕರೆಂಟ್ ಹೋದದ್ದು, ಹೀಗೆ ಕೆಲಸಕ್ಕೆ ಬಾರದ್ದು.

12 ಡಿಸೆಂಬರ್, ಶುಕ್ರವಾರ

ಎಂಟನೇದರಲ್ಲಿ ನೀರು ತಾನಾಗಿ ಬಂತು. ಒಳಗೆ ಪುದೀನ ಸೊಪ್ಪು ತೇಲುತ್ತಿತ್ತು, ಆದರೂ ಬಂತು. ಐದು ಅಂಕ ಕೊಡಬೇಕಾಯಿತು. ಅಪರ್ಣಾಳಿಗೆ ಇದನ್ನು ತೋರಿಸಬಾರದು.

ನಾಳೆ ಎರಡನೇ ಶನಿವಾರ, ಕೆಫೆಗಳಲ್ಲಿ ರಜೆಯ ಜನ. ಮಂಗಳವಾರಕ್ಕೆ ಇನ್ನೂ ನಾಲ್ಕು ದಿನ.

16 ಡಿಸೆಂಬರ್, ಮಂಗಳವಾರ

ಹತ್ತೂ ಆಯಿತು, ಇವತ್ತು ಎರಡು ಒಟ್ಟಿಗೆ ಮುಗಿಸಿದೆವು. ಕೊನೆಯದರಲ್ಲಿ ಕೂತು ಡೈರಿ ತೆಗೆದು ಅಂಕಗಳನ್ನೆಲ್ಲ ಮುಕ್ತಾಳಿಗೆ ಓದಿ ಹೇಳಿದೆ. ನನ್ನ ಲೆಕ್ಕದಲ್ಲಿ ಪಾಸಿಗೆ ಆರು ಬೇಕು, ಒಂದೂ ಪಾಸಿಲ್ಲ. ಐದು ಬಂದದ್ದು ಒಂದೇ, ಅದು ಪುದೀನದ ಕೃಪೆ.

"ಹಾಗಾದ್ರೆ ಮುಗೀತು. ಅಪರ್ಣಾ ಕಾಗದ ತಂದ್ರೆ ನೀನು ಆಗುವುದಿಲ್ಲ ಅಂತ ಹೇಳು. ನಾನು ಹೇಳಿದ್ರೆ ಅಪ್ಪ ಹಳೇ ಕಾಲದವರು ಅಂತಾಳೆ. ನೀನು ಹೇಳಿದ್ರೆ ಕೇಳ್ತಾಳೆ."

ಮುಕ್ತಾ ಕಪ್ಪು ಕೆಳಗಿಟ್ಟಳು. "ನಾನು ಸೈನ್ ಮಾಡ್ತೇನೆ" ಅಂದಳು.

"ಯಾವುದಕ್ಕೆ?"

"ಅಪರ್ಣಾಳ ಕಾಗದಕ್ಕೆ."

ನನಗೆ ಕೇಳಿದ್ದು ಸರಿಯಾ ಅಂತ ಇನ್ನೊಮ್ಮೆ ಕೇಳಿದೆ. ಅವಳು ಇನ್ನೊಮ್ಮೆ ಹೇಳಿದಳು, ಅಷ್ಟೇ ಮೆಲ್ಲಗೆ. ನಾನು ಎದ್ದು ಬಂದೆ. ಸ್ಟೇಷನ್ನಿನಲ್ಲಿ ಅವಳು ಲೇಡೀಸ್ ಡಬ್ಬಿಗೆ ಹೋದಳು.

ಮೂವತ್ತೊಂದು ವರ್ಷ ಅನ್ನ ಹಾಕಿದ ಹೋಟೆಲು. ಸಿಟ್ಟು ಮಾಡಬಾರದಂತೆ. ಬಂದು ಹೇಳಲಿ ಆ ಡಾಕ್ಟರ್.

17 ಡಿಸೆಂಬರ್

ಪಾರ್ಸೆಲ್ ಬಂತು. ಯಾರೂ ಮುಟ್ಟಲಿಲ್ಲ.

19 ಡಿಸೆಂಬರ್, ಶುಕ್ರವಾರ

ಮನೆಯಲ್ಲಿ ಕೂರಲು ಆಗಲಿಲ್ಲ, ಒಬ್ಬನೇ ಹೋದೆ. 'ದಿ ಥರ್ಡ್ ಸ್ಟೂಲ್'ಗೆ. ಯಾಕೆ ಹೋದೆ ಗೊತ್ತಿಲ್ಲ, ಕಾಲು ಅಭ್ಯಾಸವಾಗಿದೆ. ಆ ಹುಡುಗಿ ನನ್ನನ್ನು ಗುರುತಿಸಿದಳು. ನಾನು ಕೇಳದೆ ಸಾದಾ ನೀರು ತಂದಿಟ್ಟಳು. "ಆಂಟಿ ನಹೀ ಆಯೀ?"

ಹುಷಾರಿಲ್ಲ ಅಂದೆ. "ಯೂಶುವಲ್?" ಅಂತ ಕೇಳಿದಳು. ನಾನು ಯಾವಾಗಲೂ ಏನು ಕುಡಿಯುತ್ತಿದ್ದೆ ಅಂತ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ, ನಾವು ಅಲ್ಲಿ ಹೋದದ್ದು ಒಂದೇ ಸಲ, ಸುಮ್ಮನೆ ಎಲ್ಲರಿಗೂ ಕೇಳುವ ಮಾತು. ಮೆನು ನೋಡಿದೆ, ಅಕ್ಷರ ಇರುವೆಯಷ್ಟು. ನನ್ನ ಚಷ್ಮಾ ಮುಕ್ತಾಳ ಚೀಲದಲ್ಲಿರುತ್ತಿತ್ತು. ಬೆರಳಿಟ್ಟು ಏನೋ ತೋರಿಸಿದೆ. ಐಸ್ ಕ್ರೀಮ್ ಹಾಕಿದ ಕಾಫಿ ಬಂತು. ಸ್ಟೆಂಟಿನವನಿಗೆ.

ಬಿಟ್ಟು ಬಂದೆ. ಎದುರಿನ ಕುರ್ಚಿ ಖಾಲಿ ಇದ್ದರೆ ಈ ಕೆಫೆಗಳಲ್ಲಿ ಕೂರುವುದು ಭಾರಿ ಕಷ್ಟ. ಅದಕ್ಕೇ ಇರಬೇಕು, ಆ ಗಡ್ಡದವನು ಲ್ಯಾಪ್‌ಟಾಪ್ ತರುವುದು.

20 ಡಿಸೆಂಬರ್, ಶನಿವಾರ

ಬೆಳಗ್ಗೆ ಅಪರ್ಣಾ ಹೋಟೆಲಿಗೆ ಹೋದ ಮೇಲೆ ಮುಕ್ತಾಳನ್ನು ಕೇಳಿದೆ. ಕೇಳುವಾಗ ದೊಡ್ಡ ಧ್ವನಿ ಮಾಡಬಾರದು ಅಂತ ಮೊದಲೇ ನಿಶ್ಚಯ ಮಾಡಿದ್ದೆ. "ನಮ್ಮ ಹೋಟೆಲಿನಲ್ಲಿ ಎಂಥ ಕೊರತೆ ಅಂತ ಹೇಳು."

ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ನಿಲ್ಲಿಸಲಿಲ್ಲ. "ಕೊರತೆ ಉಂಟು ಅಂತ ನಾನು ಹೇಳಿದ್ನಾ? ನಂಗೆ ಹೇಗೆ ಗೊತ್ತಾಗ್ಬೇಕು, ನಾನು ಬಂದಿದ್ರಲ್ವಾ?"

"ದಿನಾ ಪಾರ್ಸೆಲ್ ಬರ್ತದಲ್ಲ."

"ಬರ್ತದೆ. ನೀವು ಒಮ್ಮೆ ಬಿಚ್ಚಿ ನೋಡಿದ್ದೀರಾ? ಬಾಳೆ ಎಲೆ, ಅದರ ಮೇಲೆ ಪೇಪರ್, ಅದಕ್ಕೆ ನೂಲು. ಗುರುವಪ್ಪ ಸೈಕಲಲ್ಲಿ ತಂದು ಕೊಡುವಾಗ ಅದು ಬೆವರಿರ್ತದೆ. ದೋಸೆ ಒದ್ದೆ ಬಟ್ಟೆ ಆಗಿರ್ತದೆ. ಕಲ್ಯಾಣದವರು ಯಾಕೆ ಇದಕ್ಕೆ ಬರ್ತಾರೆ ಅಂತ ನಂಗೆ ಇಷ್ಟು ವರ್ಷವೂ ಆಶ್ಚರ್ಯ. ನೀವು ಹೊಗಳುವಾಗ ಹೂಂ ಅಂತಿದ್ದೆ. ಗಂಡಸರಿಗೆ ತಮ್ಮ ಹೋಟೆಲು ಅಂದ್ರೆ ಪ್ರೀತಿ ಅಂತ." ತುರಿಯುವ ಮಣೆ ಬದಿಗೆ ಸರಿಸಿದಳು. "ಕೆಫೆ ಮಾಡಿದ್ರೆ ನಾನು ಮುಂದಿನ ಬಾಗಿಲಿಂದ ಹೋಗಬಹುದಂತೆ. ಅಪರ್ಣಾ ಹೇಳಿದ್ದಾಳೆ. ನಂಗೆ ಅಷ್ಟೇ."

ಹೇಳಲಿಕ್ಕೆ ಬೇಕಾದಷ್ಟಿತ್ತು, ಅಪ್ಪನ ಕ್ರಮ, ಗಿರಾಕಿಯ ಜಾಗ. ಹತ್ತು ಗಂಟೆಗೆ ಪಾರ್ಸೆಲ್ ಬಂದಾಗ ನಾನೇ ಬಿಚ್ಚಿದೆ. ತಿಂದೆ. ನಮ್ಮ ಶಂಭು ಮಾಡಿದ್ದು ಅಂತ ಹೇಳಿದರೆ ನಾನೇ ನಂಬುವುದಿಲ್ಲ. ಒಂದು ಅಂಕ ಕೊಡಬಹುದು, ನೂಲು ಚೆನ್ನಾಗಿ ಕಟ್ಟಿದ್ದ.

ಆದರೆ ಈಗ ಉಪಾಯ ಹೊಳೆದಿದೆ. ರೋಗ ಗೊತ್ತಾದ ಮೇಲೆ ಮದ್ದು ಸುಲಭ. ಅವಳಿಗೆ ನಮ್ಮ ದೋಸೆಯನ್ನು ಸರಿಯಾಗಿ ಒಮ್ಮೆ ತಿನ್ನಿಸಿದರೆ, ಸೈನಿನ ಮಾತು ಅಲ್ಲಿಗೆ ಬಿದ್ದುಹೋಗುತ್ತದೆ. ಹತ್ತು ಕೆಫೆಯನ್ನು ಒಂದು ದೋಸೆ ಹೊಡೆದು ಹಾಕುತ್ತದೆ. ಅಷ್ಟು ಧೈರ್ಯ ನನಗೆ ಶಂಭುವಿನ ಕೈಯ ಮೇಲೆ ಉಂಟು. ಮಂಗಳವಾರ ಕರೆದುಕೊಂಡು ಹೋಗುತ್ತೇನೆ. ಹನ್ನೊಂದನೇದು ಅಂತ ಹೇಳಿದ್ದೇನೆ, ಎಲ್ಲಿಗೆ ಅಂತ ಹೇಳಿಲ್ಲ.

23 ಡಿಸೆಂಬರ್, ಮಂಗಳವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮುಕ್ತಾ ಥಾಣೆಗೆ ಅಂತ ಹೊಸ ಚಪ್ಪಲಿ ಹಾಕಿಕೊಂಡು ಹೊರಟಳು. ರಿಕ್ಷಾ ಸ್ಟೇಷನ್ನಿನ ಕಡೆ ತಿರುಗದೆ ಹೋಟೆಲಿನ ಎದುರು ನಿಂತಾಗ ಹಿಂದಿನ ಗಲ್ಲಿಯ ಕಡೆಗೆ ನಡೆದಳು. ಆ ಕಡೆ ಅಲ್ಲ ಅಂತ ನಾನು ಕರೆದೆ. ಮುಂದಿನ ಮೆಟ್ಟಿಲು ಹತ್ತುವಾಗ ಸೆರಗು ಸರಿಮಾಡಿಕೊಂಡಳು. ಹನ್ನೊಂದು ಗಂಟೆ, ಗಿರಾಕಿ ಕಮ್ಮಿ. ಗಲ್ಲಾದ ಹತ್ತಿರ ನಿಂತಿದ್ದ ಅಪರ್ಣಾ ನಮ್ಮನ್ನು ನೋಡಿ ಫೋನ್ ಕೆಳಗಿಟ್ಟಳು. ನಾಲ್ಕನೇ ಮೇಜು ಕಿಟಕಿಯ ಪಕ್ಕ. ಅಲ್ಲಿ ಕೂರಿಸಿದೆ. ನಾನು ಪಕ್ಕದಲ್ಲಿ ನಿಂತೆ.

ಅವಳು ಕಿಟಕಿ ನೋಡಿದಳು, ಫ್ಯಾನು ನೋಡಿದಳು, ಬೋರ್ಡು ಓದಿದಳು. ಸನ್‌ಮೈಕಾದ ಮೇಲೆ ಕೈಯಾಡಿಸಿದಳು.

ಗುರುವಪ್ಪ ಓಡಿಬಂದ. ಬಂದವನಿಗೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷ ಸಾವಿರ ಜನಕ್ಕೆ ಬಡಿಸಿದವನು ಹೆಗಲ ಬಟ್ಟೆ ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟ. "ಅಕ್ಕ, ಏನಾದ್ರೂ ತೊಂದ್ರೆಯಾ?"

"ಒಂದು ಮಸಾಲೆ ದೋಸೆ ಹೇಳು, ಅಕ್ಕನಿಗೆ" ಅಂದೆ. ಅವನು ಅಡುಗೆಮನೆಯ ಕಿಂಡಿಗೆ ಹೋಗಿ ಕೂಗಿದ, "ಅಕ್ಕನಿಗೆ ಒಂದು ಮಸಾಲೆ." ಕಾವಲಿಯ ಮೇಲೆ ನೀರು ಚಿಮುಕಿಸಿದ ಶಬ್ದ ಬಂತು. ಹಿಟ್ಟು ಹರಡಿದ ಶಬ್ದ. ನಾನು ಎದೆ ಉಬ್ಬಿಸಿ ನಿಂತಿದ್ದೆ. ಪರಿಮಳ ಬಂತು, ಮುಕ್ತಾಳ ಮೂಗು ಆ ಕಡೆ ತಿರುಗಿತು. ಈಗ ನೋಡು ಅಂತ ಮನಸ್ಸಿನಲ್ಲೇ ಅಂದುಕೊಂಡೆ.

ಗುರುವಪ್ಪ ತಂದು ಮೇಜಿನ ಮೇಲೆ ಇಟ್ಟ. ಬಾಳೆ ಎಲೆ, ಅದರ ಮೇಲೆ ಪೇಪರ್, ಅದಕ್ಕೆ ನೂಲು. ಎರಡು ಸುತ್ತು, ಮೇಲೆ ಗಂಟು. ಚಟ್ನಿಯದ್ದು ಬೇರೆ ಸಣ್ಣ ಪೊಟ್ಟಣ.

ಅಕ್ಕನಿಗೆ ಅಂದರೆ ಪಾರ್ಸೆಲ್. ಶಂಭುವಿನ ಕೈಗೆ ಬೇರೇನೂ ಗೊತ್ತಿಲ್ಲ. ಅವನನ್ನು ಬೈಯಲು ಬಾಯಿ ತೆರೆದೆ. ಬೈಯುವುದು ಯಾರನ್ನು? ಆ ಕ್ರಮ ಹಾಕಿದ್ದು ನಾನು. ನಾಚಿಕೆಯಾಯಿತು, ಸುಳ್ಳು ಯಾಕೆ ಬರೆಯಬೇಕು.

ಮುಕ್ತಾ ಪೊಟ್ಟಣ ನೋಡಿದಳು. ನಗಲಿಲ್ಲ. ನೂಲಿನ ಗಂಟು ಬಿಚ್ಚಲು ಶುರುಮಾಡಿದಳು, ದಿನಾ ಮನೆಯಲ್ಲಿ ಬಿಚ್ಚುವ ಹಾಗೆ, ನೂಲು ಹರಿಯದೆ ಸುತ್ತಿ ಇಡಲಿಕ್ಕೆ. ನಾನು ಅವಳ ಕೈಯಿಂದ ಪೊಟ್ಟಣ ತೆಗೆದುಕೊಂಡೆ. ಅಡುಗೆಮನೆಗೆ ಹೋದೆ. ಶಂಭು ಹೆದರಿ, "ಅಣ್ಣ, ಅಕ್ಕನಿಗಲ್ವಾ? ಕಟ್ಟಿದ್ದು ಸಡಿಲ ಆಯ್ತಾ?" ಅಂತ ಕೇಳಿದ. ಕಟ್ಟುವುದು ಬೇಡ, ಪ್ಲೇಟಿಗೆ ಹಾಕು ಅಂದೆ. ಇನ್ನೊಂದು ಎರೆಯುವವರೆಗೆ ಅಲ್ಲೇ ನಿಂತೆ. ಪ್ಲೇಟು ನಾನೇ ಹಿಡಿದುಕೊಂಡು ಬಂದು ಅವಳ ಮುಂದೆ ಇಟ್ಟೆ. ಅಪ್ಪ ಸತ್ತ ಮೇಲೆ ಹಾಲ್‌ನಲ್ಲಿ ಪ್ಲೇಟು ಹಿಡಿದದ್ದು ಇದೇ ಮೊದಲು.

ಅವಳು ಅಂಚು ಮುರಿದಳು. ಶಬ್ದ ಬಂತು. ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಆಮೇಲೆ ಪೂರ್ತಿ ತಿಂದಳು, ಪ್ಲೇಟಿಗೆ ಹತ್ತಿದ ಪಲ್ಯವನ್ನೂ ಬೆರಳಲ್ಲಿ ತೆಗೆದಳು. ಗೆದ್ದೆ ಅಂದುಕೊಂಡೆ. ಇನ್ನೊಬ್ಬ ಗಿರಾಕಿ ನಮ್ಮವನಾದ ಅಂತ ಗಲ್ಲಾದಲ್ಲಿ ಕೂತು ಎಷ್ಟೋ ಸಲ ಅಂದುಕೊಂಡ ಹಾಗೆ.

"ಹೇಗುಂಟು?"

"ಆ ಹತ್ತನ್ನೂ ಸೇರಿಸಿದ್ರೂ ಇದರ ಹತ್ತಿರ ಬರುವುದಿಲ್ಲ" ಅಂದಳು. ಕೈ ಪ್ಲೇಟಿನ ಮೇಲೇ ಇತ್ತು. "ಇಷ್ಟು ಒಳ್ಳೇದಿರ್ತದೆ ಅಂತ ಗೊತ್ತಿದ್ದಿದ್ರೆ ನಂಗೆ ಮೊದಲೇ ಸಿಟ್ಟು ಬರ್ತಿತ್ತು."

ಆಮೇಲೆ ಅಪರ್ಣಾಳನ್ನು ಕರೆದು ಕಾಗದ ತಾ ಅಂದಳು. ಅಪರ್ಣಾ ನನ್ನ ಮುಖ ನೋಡಿದಳು. ನಾನು ಬೇಡ ಅನ್ನಬಹುದಿತ್ತು. ಪ್ರಾಮಿಸ್ ಇತ್ತು, ನೋ ಅಂದರೆ ನೋ. ಗಲ್ಲಾದ ಡ್ರಾಯರಿನಲ್ಲಿ ಪೆನ್ನುಂಟು ನೋಡು ಅಂದೆ. ಸೈನ್ ಎಲ್ಲಿ ಅಂತ ಬೆರಳಿಡಲು ನನ್ನ ಕೈ ಮುಂದೆ ಹೋಯಿತು, ಅಭ್ಯಾಸಬಲ. ಮುಕ್ತಾ ಚಷ್ಮಾ ಹಾಕಿಕೊಂಡು ಮೊದಲ ಸಾಲಿಂದ ಓದತೊಡಗಿದಳು. ಮೂರು ಪುಟವನ್ನೂ ಓದಿದಳು. 'ದೋಸೆಯ ಹಿಟ್ಟು, ಶಂಭು, ಗುರುವಪ್ಪ, ಈ ಮೂರು ಬದಲಾಗಬಾರದು' ಅಂತ ಕೆಳಗೆ ಕನ್ನಡದಲ್ಲಿ ಬರೆದಳು. ಅಪರ್ಣಾಳಿಗೆ ಕನ್ನಡ ಓದಲು ಬರುವುದಿಲ್ಲ, ಮುಕ್ತಾಳೇ ಓದಿ ಹೇಳಿದಳು. ಆಮೇಲೆ ಸೈನ್ ಮಾಡಿದಳು. ಅಕ್ಷರ ದುಂಡಗೆ, ಎಷ್ಟು ಚೆಂದ ಇದೆ.

"ಎಂಥ ಮಾರಾಯ್ರೆ, ನೀರೇ ಕೊಡ್ಲಿಲ್ಲ" ಅಂದಳು ಆಮೇಲೆ.

ಹೌದು. ಗುರುವಪ್ಪ ಕೊಟ್ಟಿರಲಿಲ್ಲ, ನಾನೂ ಕೊಟ್ಟಿರಲಿಲ್ಲ. ಮನೆಯವರಲ್ಲವಾ. ಎರಡು ಲೋಟ ನೀರು ನಾನೇ ತಂದೆ.

"ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ. ಹಾರ್ಟಿನವರು."

ಕೂತೆ. ಗುರುವಪ್ಪ ದೂರದಿಂದ ನೋಡುತ್ತಿದ್ದ, ಕೆಮ್ಮಲಿಲ್ಲ. ಒಂದು ಗಂಟೆ ಕೂತಿದ್ದೆವು.

ಶ್ರೀ ಅನಂತ ವಿಲಾಸ, ಡೊಂಬಿವಲಿ ಈಸ್ಟ್. ದೋಸೆ, ಹತ್ತರಲ್ಲಿ ಹತ್ತು. ನೀರು, ಸೊನ್ನೆ. ನಾಲ್ಕನೇ ಮೇಜಿನ ಈ ಕಡೆಯ ಕುರ್ಚಿ ಅಲ್ಲಾಡುತ್ತದೆ, ಬಹಳ ವರ್ಷದಿಂದ ಇರಬೇಕು. ಅಪರ್ಣಾಳಿಗೆ ಹೇಳಬೇಕು.